ಬಸಿಗಾಲುವೆ ಸೇರುವ ಯೂರಿಯಾ: ಗದ್ದೆಯಲ್ಲೇ ತಡೆಯೋದು ಹೇಗೆ?

ನಾಲೆಗೆ ನೀರು ಬಿಟ್ಟರೆ ಸಾಕು, ಗೊಬ್ಬರದ ಅಂಗಡಿ ಮುಂದೆ ಯೂರಿಯಾಗೆ ಸಾಲು ಶುರು. ಹಾಗೆ ಕಾದು ತಂದ ಮೂಟೆಯಲ್ಲಿ ಒಂದು ಪಾಲು ಪೈರಿಗೆ ಸಿಗದೆ ಬಸಿಗಾಲುವೆ ಸೇರುತ್ತೆ ಅನ್ನೋದು ಮಾತ್ರ ಯಾರ ಲೆಕ್ಕಕ್ಕೂ ಬರಲ್ಲ. ಕೆಆರ್‌ಎಸ್‌ನಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ನೀರು ಪಾಂಡವಪುರ, ಮಂಡ್ಯ, ಮದ್ದೂರು, ಮಳವಳ್ಳಿ ಭಾಗದ ಗದ್ದೆಗಳಿಗೆ ಹರಿಯುತ್ತದೆ. ಅಲ್ಲಿ ಮಿಕ್ಕಿದ್ದು ಹಳ್ಳ, ಕೆರೆ ದಾಟಿ ಲೋಕಪಾವನಿ, ಶಿಂಷಾ ಮೂಲಕ ಮತ್ತೆ ಕಾವೇರಿಗೇ ಬರುತ್ತದೆ. ನಡುವೆ ಊರಿನ ಬಾವಿ, ಹೋಟೆಲಿನ ಬೋರ್‌ವೆಲ್ ಎಲ್ಲವೂ ಇವೆ.

ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕವಿದೆ. ಅಂದರೆ 45 ಕೆ.ಜಿ. ಮೂಟೆಯಲ್ಲಿ ಹೆಚ್ಚುಕಮ್ಮಿ 21 ಕೆ.ಜಿ. ಮಣ್ಣಿನ ಸೂಕ್ಷ್ಮಜೀವಿಗಳು ಇದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳುವುದಿಲ್ಲ, ನೀರು ಹೋದ ಕಡೆ ಹೋಗುತ್ತದೆ. ನೀರು ನಿಂತ ಗದ್ದೆಗೆ ಎರಚಿದ ಯೂರಿಯಾ ಕರಗಿ ನೀರಲ್ಲೇ ಇರುತ್ತದೆ. ಬದುವಿನ ಗಂಡಿ ತೆರೆದಿದ್ದರೆ ಕೆಳಗಿನ ಗದ್ದೆಯವರಿಗೆ ಪುಕ್ಕಟೆ ಗೊಬ್ಬರ!

ಅದಕ್ಕೇ ಗದ್ದೆಯ ನೀರು ಬಸಿದು, ಕೆಸರಿನ ಮೇಲೆ ಯೂರಿಯಾ ಹಾಕಿ, ಒಂದೆರಡು ದಿನ ಬಿಟ್ಟು ನೀರು ಕಟ್ಟಬೇಕು. ಆಮೇಲೆ ಒಂದು ವಾರವಾದರೂ ಗಂಡಿ ಮುಚ್ಚಿರಬೇಕು. ಮಳೆ ಮೋಡ ಕಟ್ಟಿದ ದಿನ ಗೊಬ್ಬರ ಮುಟ್ಟದಿರುವುದೇ ಲೇಸು. ನೀರಾವರಿ ಭತ್ತಕ್ಕೆ ಸಾಮಾನ್ಯ ಶಿಫಾರಸು ಹೆಕ್ಟೇರ್‌ಗೆ 100 ಕೆ.ಜಿ. ಸಾರಜನಕ, ಎಕರೆಗೆ 40. ಒಂದು ಮೂಟೆ ಡಿಎಪಿ ಹಾಕಿದರೆ ಅದರಲ್ಲೇ 9 ಕೆ.ಜಿ. ಬಂತು, ಉಳಿದದ್ದಕ್ಕೆ ಒಂದೂವರೆ ಮೂಟೆ ಯೂರಿಯಾ ಸಾಕು. ಅದನ್ನೂ ಒಂದೇ ಸಲ ಸುರಿಯದೆ ಕಂತಿನಲ್ಲಿ ಕೊಡಬೇಕು. ಪಕ್ಕದ ಗದ್ದೆ ಹಸಿರಾಗಿದೆ ಅಂತ ಇನ್ನೊಂದು ಮೂಟೆ ಎರಚಿದರೆ ಬೆಂಕಿ ರೋಗ, ಜಿಗಿಹುಳುವಿಗೆ ಆಹ್ವಾನ ಕೊಟ್ಟಂತೆ. ಗಿರಾಕಿ ಕೇಳಿದಷ್ಟು ಕೊಡುವ ಬದಲು, ಅಂಗಡಿಯವರು ಈ ಲೆಕ್ಕ ಹೇಳಿದರೆ ಕೃಷಿ ಇಲಾಖೆ ಕರಪತ್ರಕ್ಕಿಂತ ಬೇಗ ನಾಟುತ್ತೆ. ಕಬ್ಬಿಗಾದರೆ ಸಾಲಿನಲ್ಲಿ ಹಾಕಿ ಮಣ್ಣು ಮುಚ್ಚಿ, ಹದವಾಗಿ ನೀರು ಹಾಯಿಸಬೇಕು.

ಇನ್ನು ಬಸಿಗಾಲುವೆ ವಿಚಾರ. ಜೆಸಿಬಿ ತಂದು ದಡ, ತಳ ಎಲ್ಲ ಬೋಳು ಮಾಡಿದರೆ ನೀರು ಸರಾಗ ಹರಿಯುತ್ತದೆ ನಿಜ, ಜೊತೆಗೆ ನೈಟ್ರೇಟೂ ಸರಾಗವಾಗಿ ಹೋಗುತ್ತದೆ. ನೀರು ನಿಧಾನವಾದ ಕಡೆ, ಕೆಸರು ಮತ್ತು ಕೊಳೆತ ಎಲೆಗಳ ನಡುವೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಗಾಳಿಗೆ ಬಿಡುತ್ತವೆ. ಜೊಂಡು, ಹುಲ್ಲು ಕೂಡ ಅದನ್ನು ಹೀರುತ್ತವೆ. ಹಾಗಂತ ಕಾಲುವೆ ಕಟ್ಟಿಕೊಂಡು ಗದ್ದೆ ಜೌಗಾಗಲು ಬಿಡುವಂತಿಲ್ಲ. ನಡುವೆ ಹೂಳು ತೆಗೆದು ಒಂದು ದಡದ ಹುಲ್ಲು ಉಳಿಸುವುದು, ಮುಂದಿನ ವರ್ಷ ಇನ್ನೊಂದು ದಡ, ಇದು ನಡೆಯುವ ದಾರಿ. ಕೊಯ್ದ ಜೊಂಡನ್ನು ದಡದಿಂದ ದೂರ ಸಾಗಿಸಬೇಕು. ಅಲ್ಲೇ ಕೊಳೆತರೆ ಹೀರಿದ್ದೆಲ್ಲ ವಾಪಸ್ ನೀರಿಗೇ.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರ್‌ಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಮೀರಿದ ನೀರಲ್ಲಿ ಪುಡಿ ಹಾಲು ಕಲಸಿ ಆರು ತಿಂಗಳೊಳಗಿನ ಕೂಸಿಗೆ ಕುಡಿಸಿದರೆ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ತಗ್ಗಿ, ಮಗುವಿನ ಮೈ ನೀಲಿಗಟ್ಟಬಹುದು. ಪ್ರಾಣಕ್ಕೂ ಅಪಾಯ. ನೈಟ್ರೇಟ್‌ಗೆ ಬಣ್ಣ, ವಾಸನೆ, ರುಚಿ ಏನೂ ಇಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಆರ್‌ಒ ಘಟಕದಲ್ಲಿ ತಗ್ಗುತ್ತದೆ. ಎಲ್ಲವನ್ನೂ ಯೂರಿಯಾ ತಲೆಗೇ ಕಟ್ಟುವಂತಿಲ್ಲ, ಬಾವಿ ಪಕ್ಕದ ತಿಪ್ಪೆ ಮತ್ತು ಶೌಚದ ಗುಂಡಿಯದೂ ಪಾಲಿದೆ. ಬಾವಿ, ಬೋರ್‌ವೆಲ್ ನೀರಿನ ಪರೀಕ್ಷೆಗೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬಹುದು. ಮಣ್ಣು ಪರೀಕ್ಷೆಗೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು.