ಸ್ನಾಯು ಸಡಿಲಕಗಳು

ನರದ ಅಪ್ಪಣೆ ಸ್ನಾಯುವಿಗೆ ದಾಟದಂತೆ ತಡೆದು, ಐಚ್ಛಿಕ ಸ್ನಾಯುಗಳನ್ನು ಸ್ವಲ್ಪ ಹೊತ್ತು ನಿಷ್ಕ್ರಿಯಗೊಳಿಸುವ ಔಷಧಗಳು. ಶಸ್ತ್ರಕ್ರಿಯೆಯಲ್ಲಿ ಅರಿವಳಿಕೆಯ ಜೊತೆಗೆ ಇವುಗಳ ಬಳಕೆ. ಇವು ನಿದ್ದೆ ಬರಿಸುವುದಿಲ್ಲ, ನೋವು ಕಳೆಯುವುದಿಲ್ಲ, ಹೃದಯವನ್ನಾಗಲಿ ಕರುಳನ್ನಾಗಲಿ ನಿಲ್ಲಿಸುವುದಿಲ್ಲ. ಆದರೆ ಉಸಿರಾಟದ ಸ್ನಾಯುಗಳನ್ನು ಬಿಡುವುದಿಲ್ಲವಾದ್ದರಿಂದ, ಸೂಜಿ ಚುಚ್ಚಿದ ಮರುನಿಮಿಷದಿಂದ ರೋಗಿಯ ಉಸಿರು ಅರಿವಳಿಕೆ ತಜ್ಞರ ಕೈಯಲ್ಲಿರುತ್ತದೆ. ಬೆನ್ನುನೋವಿಗೆ ಬರೆದುಕೊಡುವ ‘ಮಸಲ್ ರಿಲ್ಯಾಕ್ಸೆಂಟ್’ ಮಾತ್ರೆಗಳು ಬೇರೆಯೇ ಗುಂಪಿನವು. ಅವುಗಳ ವಿಚಾರ ಇಲ್ಲಿಲ್ಲ.

ಕ್ರಿಯೆ

ನರದ ತುದಿಗೂ ಸ್ನಾಯುವಿಗೂ ನಡುವೆ ಕೂದಲೆಳೆಗಿಂತ ಎಷ್ಟೋ ಸಣ್ಣ ಸಂದು ಇದೆ. ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಆ ಸಂದಿಗೆ ಸುರಿಯುತ್ತದೆ; ಅದು ಸ್ನಾಯುವಿನ ಗ್ರಾಹಕಗಳನ್ನು ಹಿಡಿದಾಗ ಸ್ನಾಯು ಸಂಕುಚಿಸುತ್ತದೆ; ಅಲ್ಲಿಯೇ ಇರುವ ಕಿಣ್ವ ಕ್ಷಣಾರ್ಧದಲ್ಲಿ ಅದನ್ನು ಒಡೆದುಹಾಕುತ್ತದೆ. ವೆಕ್ಯುರೋನಿಯಂ, ರೋಕ್ಯುರೋನಿಯಂ, ಅಟ್ರಾಕ್ಯುರಿಯಂಗಳು ಗ್ರಾಹಕದಲ್ಲಿ ಕೂತು, ತಾವೂ ಕೆಲಸ ಮಾಡದೆ, ಅಸಿಟೈಲ್‌ಕೋಲಿನ್‌ಗೂ ಜಾಗ ಕೊಡದೆ ಅಡ್ಡಿಯಾಗುತ್ತವೆ. ನಾಗರಹಾವು ಕಚ್ಚಿದವರ ರೆಪ್ಪೆ ಮೊದಲು ಜೋಲುವುದೂ, ಕೊನೆಗೆ ಉಸಿರು ನಿಲ್ಲುವುದೂ ಬಹುಮಟ್ಟಿಗೆ ಇದೇ ಬಗೆಯ ಅಡ್ಡಿಯಿಂದ. ಹಾಗಾಗಿಯೇ ಆಪರೇಷನ್ ಮುಗಿದಾಗ, ಆ ಕಿಣ್ವವನ್ನು ತಡೆದು ಈ ಅಡ್ಡಿ ಕಳೆಯಲೆಂದು ಕೊಡುವ ನಿಯೋಸ್ಟಿಗ್ಮಿನ್ ಚುಚ್ಚುಮದ್ದು ನಾಗರಹಾವಿನ ಕಡಿತದ ಚಿಕಿತ್ಸೆಯಲ್ಲೂ ಇದೆ. ಸಕ್ಸಿನೈಲ್‌ಕೋಲಿನ್ ಮಾತ್ರ ಬೇರೆ ದಾರಿಯದು: ಎರಡು ಅಸಿಟೈಲ್‌ಕೋಲಿನ್ ಅಣುಗಳನ್ನು ಜೋಡಿಸಿದಂಥ ಅದು ಮೊದಲು ಸ್ನಾಯುವನ್ನು ಕೆರಳಿಸುತ್ತದೆ, ಬೇಗ ಕಳಚಿಕೊಳ್ಳದೆ ಕೂತು ಆಮೇಲೆ ಸಡಿಲಗೊಳಿಸುತ್ತದೆ. ಕೊಟ್ಟ ಅರ್ಧ ನಿಮಿಷದಲ್ಲಿ ಮುಖದಿಂದ ಕಾಲಿನ ಬೆರಳವರೆಗೆ ಚರ್ಮದಡಿ ಸಣ್ಣ ಅದುರು ಹರಿದುಹೋಗಿ ಮೈ ನಿಶ್ಚಲವಾಗುವುದನ್ನು ಕಣ್ಣಾರೆ ನೋಡಬಹುದು.

ಸ್ನಾಯುವಿನಲ್ಲಿ ಗ್ರಾಹಕಗಳು ಅಗತ್ಯಕ್ಕಿಂತ ಬಹಳ ಹೆಚ್ಚಿವೆ. ಸುಮಾರು ಶೇ. 75ರಷ್ಟು ಮುಚ್ಚಿಹೋಗುವ ತನಕ ಒಂದೊಂದು ಮಿಡಿತದ ಬಲ ತಗ್ಗುವುದೇ ಇಲ್ಲ. ಪೂರ್ತಿ ನಿಲ್ಲಬೇಕಾದರೆ ಶೇ. 90-95 ಮುಚ್ಚಬೇಕು. ಇದರ ಇನ್ನೊಂದು ಮುಖ ಅಪಾಯದ್ದು. ರೋಗಿ ಕಣ್ಣು ಬಿಟ್ಟು, ಕೈ ಹಿಸುಕಿ, ತಲೆ ಎತ್ತಿ ತೋರಿಸಿದಾಗಲೂ ಗ್ರಾಹಕಗಳ ಬಹುಪಾಲು ಇನ್ನೂ ಔಷಧದ ವಶದಲ್ಲೇ ಇರಬಹುದು. ವಪೆ ಬೇಗ ಚೇತರಿಸಿಕೊಳ್ಳುವುದರಿಂದ ಎದೆ ಏರಿಳಿಯುತ್ತದೆ. ಗಂಟಲಿನ ಸ್ನಾಯುಗಳು ಮಾತ್ರ ಹಿಂದೆ ಬಿದ್ದಿರುತ್ತವೆ, ಜೊಲ್ಲೋ ವಾಂತಿಯೋ ಶ್ವಾಸಕೋಶಕ್ಕೆ ಇಳಿಯುವುದು ಆಗಲೇ. 1970ರಲ್ಲಿ ಅಲಿ, ಅಟಿಂಗ್ ಮತ್ತು ಗ್ರೇ ಸೂಚಿಸಿದ ಅಳತೆ ಈ ತೊಡಕಿಗೆ ಉತ್ತರ. ಮಣಿಕಟ್ಟಿನ ನರಕ್ಕೆ ಅರ್ಧ ಸೆಕೆಂಡಿಗೊಂದರಂತೆ ನಾಲ್ಕು ವಿದ್ಯುತ್ ತಟ್ಟು ಕೊಟ್ಟು, ಹೆಬ್ಬೆರಳಿನ ನಾಲ್ಕನೆಯ ಮಿಡಿತ ಮೊದಲನೆಯದರ ಎಷ್ಟು ಪಾಲು ಎಂದು ನೋಡುವುದು. ಈ ಅನುಪಾತ 0.9 ಮುಟ್ಟದೆ ಶ್ವಾಸನಾಳದ ಟ್ಯೂಬ್ ತೆಗೆಯಬಾರದು ಎಂಬುದು ಈಗಿನ ಒಮ್ಮತ. 0.4 ದಾಟಿತೆಂದರೆ ಮುಟ್ಟಿ ನೋಡುವ ಪಳಗಿದ ಕೈಗೂ ವ್ಯತ್ಯಾಸ ಸಿಗದು, ಯಂತ್ರವೇ ಬೇಕು. ಹೀಗಿದ್ದೂ ಎಷ್ಟೋ ಓ.ಟಿ.ಗಳಲ್ಲಿ ‘ತಲೆ ಎತ್ತಿ ನೋಡೋಣ’ ಎಂಬ ಪರೀಕ್ಷೆಯೇ ನಡೆದುಬಂದಿದೆ.

ಇತಿಹಾಸ

ಮೂಲ ವಸ್ತು ಕುರಾರೆ, ದಕ್ಷಿಣ ಅಮೆರಿಕದ ಕಾಡುಗಳ ಮೂಲನಿವಾಸಿಗಳು ಬಾಣದ ತುದಿಗೆ ಬಳಿಯುತ್ತಿದ್ದ ಬಳ್ಳಿಯ ವಿಷ. 1814ರಲ್ಲಿ ಚಾರ್ಲ್ಸ್ ವಾಟರ್ಟನ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಒಂದು ಹೆಣ್ಣುಕತ್ತೆಗೆ ಇದನ್ನು ಚುಚ್ಚಿದರು. ಅದು ಸತ್ತಂತೆ ಬಿದ್ದಾಗ ಶ್ವಾಸನಾಳಕ್ಕೆ ರಂಧ್ರ ಕೊರೆದು ತಿದಿಯಿಂದ ಗಾಳಿ ಊದುತ್ತಾ ಕೂತರು. ಕತ್ತೆ ಎದ್ದು ನಿಂತಿತು, ಮುಂದೆ ವರ್ಷಗಟ್ಟಲೆ ಬದುಕಿತು. ಇಂದಿನ ವೆಂಟಿಲೇಟರಿನ ತತ್ತ್ವ ಆ ತಿದಿಯದೇ. ವಿಷ ಎಲ್ಲಿ ನಾಟುತ್ತದೆ ಎಂದು ತೋರಿಸಿದ್ದು ಪ್ಯಾರಿಸಿನ ಕ್ಲೋದ್ ಬರ್ನಾರ್. ಕುರಾರೆ ಕೊಟ್ಟ ಕಪ್ಪೆಯಲ್ಲಿ ನರವನ್ನು ಪ್ರಚೋದಿಸಿದರೆ ಸ್ನಾಯು ಅಲುಗದು, ಸ್ನಾಯುವನ್ನೇ ನೇರವಾಗಿ ಪ್ರಚೋದಿಸಿದರೆ ಅಲುಗುತ್ತದೆ. ಸ್ನಾಯು ಕೆಟ್ಟಿಲ್ಲ, ಕೆಟ್ಟಿರುವುದು ನರದಿಂದ ಸ್ನಾಯುವಿಗೆ ದಾಟುವ ದಾರಿ ಎಂಬುದು ಅಷ್ಟರಿಂದಲೇ ತಿಳಿಯಿತು. 1935ರಲ್ಲಿ ಹೆರಾಲ್ಡ್ ಕಿಂಗ್, ವಸ್ತುಸಂಗ್ರಹಾಲಯದಲ್ಲಿದ್ದ ಕುರಾರೆ ಮಾದರಿಯಿಂದ ಅದರ ಸಕ್ರಿಯ ಅಂಶವಾದ ಟ್ಯುಬೊಕ್ಯುರಾರಿನ್ ಬೇರ್ಪಡಿಸಿದ. 1942ರ ಜನವರಿ 23ರಂದು ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅಪೆಂಡಿಕ್ಸ್ ಶಸ್ತ್ರಕ್ರಿಯೆಯಲ್ಲಿ ಕುರಾರೆ ಬಳಸಿದರು. ಅದಕ್ಕೆ ಮುಂಚೆ ಹೊಟ್ಟೆ ಸಡಿಲವಾಗಬೇಕೆಂದರೆ ಈಥರನ್ನು ಅಪಾಯದ ಆಳದವರೆಗೆ ಕೊಡುವುದೇ ದಾರಿಯಾಗಿತ್ತು.

ಕುರಾರೆಯೇ ಪ್ರಜ್ಞೆಯನ್ನೂ ಕಳೆಯುತ್ತದೇನೋ ಎಂಬ ಶಂಕೆ ಕೆಲಕಾಲ ಇತ್ತು. 1947ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಮೆರಿಕದ ಅರಿವಳಿಕೆ ತಜ್ಞ ಸ್ಕಾಟ್ ಸ್ಮಿತ್ ಎಚ್ಚರವಿದ್ದಂತೆಯೇ ತನ್ನ ಮೈಗೆ ಪೂರ್ಣ ಪ್ರಮಾಣ ಹಾಕಿಸಿಕೊಂಡ. ಒಂದು ಬೆರಳೂ ಅಲುಗದಾಗ ಕೂಡ ಆತನಿಗೆ ಎಲ್ಲವೂ ಕೇಳುತ್ತಿತ್ತು, ಎಲ್ಲ ಸ್ಪರ್ಶ, ನೋವು ತಿಳಿಯುತ್ತಿತ್ತು. ಅರಿವಳಿಕೆ ಸಾಲದೆ ಹೋದರೆ ರೋಗಿಯ ಗತಿಯೂ ಅದೇ. ಬ್ರಿಟನ್ನಿನಲ್ಲಿ 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಆಪರೇಷನ್ ನಡುವೆ ಎಚ್ಚರವಾದ ವರದಿಗಳು ಸಡಿಲಕ ಬಳಸಿದಾಗ ಸುಮಾರು 8,000ಕ್ಕೆ ಒಂದು, ಬಳಸದಿದ್ದಾಗ 1,36,000ಕ್ಕೆ ಒಂದು.

ಬಳಕೆ

ಶ್ವಾಸನಾಳಕ್ಕೆ ಟ್ಯೂಬ್ ಇಳಿಸಲು, ಹೊಟ್ಟೆ-ಎದೆಯ ಶಸ್ತ್ರಕ್ರಿಯೆಗೆ, ಲ್ಯಾಪರೋಸ್ಕೋಪಿಗೆ ಇವು ಬೇಕು. ಕೈಕಾಲಿನ ಸಣ್ಣಪುಟ್ಟ ಆಪರೇಷನ್ನಿಗೆ ಸಾಮಾನ್ಯವಾಗಿ ಬೇಡ. ಕೊನೆಯಲ್ಲಿ ನಿಯೋಸ್ಟಿಗ್ಮಿನ್ ಜೊತೆ ಗ್ಲೈಕೊಪೈರೊಲೇಟ್ ಕೊಡುವುದು ರೂಢಿ, ಇಲ್ಲವಾದರೆ ಹೃದಯದ ಬಡಿತ ಕುಸಿಯುತ್ತದೆ. ಯುರೋಪಿನಲ್ಲಿ 2008ರಲ್ಲಿ ಅನುಮತಿ ಪಡೆದ ಸುಗಮಡೆಕ್ಸ್ ರೋಕ್ಯುರೋನಿಯಂ ಅಣುವನ್ನೇ ತನ್ನೊಳಗೆ ಹುದುಗಿಸಿಕೊಳ್ಳುತ್ತದೆ.

ಸ್ಕೋಲಿನ್ ಮತ್ತು ಒಂದು ಕಿಣ್ವ

ನಮ್ಮ ಆಸ್ಪತ್ರೆಗಳಲ್ಲಿ ‘ಸ್ಕೋಲಿನ್’ ಎಂದೇ ಕರೆಯುವ ಸಕ್ಸಿನೈಲ್‌ಕೋಲಿನ್ ತಯಾರಾದದ್ದು 1906ರಲ್ಲೇ. ಅದನ್ನು ಪರೀಕ್ಷಿಸಿದ ಪ್ರಾಣಿಗಳಿಗೆ ಮೊದಲೇ ಕುರಾರೆ ಕೊಟ್ಟಿದ್ದರಿಂದ ಸ್ನಾಯುವಿನ ಮೇಲಿನ ಪರಿಣಾಮ ಯಾರ ಕಣ್ಣಿಗೂ ಬೀಳಲಿಲ್ಲ, 1949ರವರೆಗೆ ಕಾಯಬೇಕಾಯಿತು. ನಿಮಿಷದೊಳಗೆ ಕೆಲಸ ಮಾಡಿ, ಹತ್ತು ನಿಮಿಷದ ಒಳಗೇ ಇಳಿದುಹೋಗುವುದು ಇದರ ಗುಣ. ಇದನ್ನು ಒಡೆಯುವುದು ಪಿತ್ತಜನಕಾಂಗ ತಯಾರಿಸಿ ರಕ್ತಕ್ಕೆ ಬಿಡುವ ಬ್ಯುಟಿರೈಲ್‌ಕೋಲಿನೆಸ್ಟರೇಸ್. ಹುಟ್ಟಿನಿಂದಲೇ ಈ ಕಿಣ್ವ ಇಲ್ಲದವರಿಗೆ ಅದೇ ಪ್ರಮಾಣ ಗಂಟೆಗಟ್ಟಲೆ ಉಸಿರು ನಿಲ್ಲಿಸುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಲಕ್ಷಕ್ಕೊಬ್ಬರಲ್ಲಿ ಕಾಣುವ ಈ ಕೊರತೆ ಕೊಯಮತ್ತೂರಿನ ವೈಶ್ಯ ಸಮುದಾಯದ ಅಧ್ಯಯನದಲ್ಲಿ ಸುಮಾರು 24 ಜನರಿಗೆ ಒಬ್ಬರಲ್ಲಿ ಕಂಡಿತು. ಕಾರಣ ಜೀನಿನ ಒಂದೇ ಅಕ್ಷರದ ಬದಲಾವಣೆ ಎಂದು 2006ರಲ್ಲಿ ಪ್ರಕಟವಾಯಿತು. ಕರ್ನಾಟಕ, ಆಂಧ್ರ, ತೆಲಂಗಾಣಗಳ ಆರ್ಯವೈಶ್ಯ ಕುಟುಂಬಗಳ ವಿಷಯದಲ್ಲಿ ಅರಿವಳಿಕೆ ತಜ್ಞರು ಎಚ್ಚರ ವಹಿಸುವುದು ಇದರಿಂದಲೇ. ಇದು ರೋಗವಲ್ಲ; ಈ ಔಷಧ ಮೈಗೆ ಸೇರದಿದ್ದರೆ ಜೀವಮಾನವಿಡೀ ಗೊತ್ತೇ ಆಗುವುದಿಲ್ಲ.

ಗೊತ್ತಿಲ್ಲದೆ ಸ್ಕೋಲಿನ್ ಕೊಟ್ಟು ಉಸಿರು ಮರಳದೆ ಹೋದಾಗ, ಬ್ಯಾಗ್ ಒತ್ತುವುದನ್ನೋ ವೆಂಟಿಲೇಟರನ್ನೋ ಮುಂದುವರಿಸಿ, ಔಷಧ ತಾನಾಗಿ ಕರಗುವವರೆಗೆ ರೋಗಿಯನ್ನು ನಿದ್ದೆಯಲ್ಲೇ ಇಡಬೇಕು. ನಿಯೋಸ್ಟಿಗ್ಮಿನ್ ಕೊಡುವ ಆತುರ ಸಲ್ಲದು, ಅದು ಇದ್ದಬದ್ದ ಕಿಣ್ವವನ್ನೂ ತಡೆಯುತ್ತದೆ. ಹಿಂದಿನ ದಿನದ ತಪಾಸಣೆಯಲ್ಲಿ ‘ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದಮೇಲೆ ತೊಂದರೆ ಆಗಿತ್ತೇ?’ ಎಂದು ಕೇಳಿದಾಗ ‘ನಮ್ಮಣ್ಣನಿಗೆ ಮತ್ತು ಜಾಸ್ತಿಯಾಗಿ ಸಾಯಂಕಾಲದವರೆಗೂ ಮೆಷೀನಿನ ಮೇಲೆ ಇಟ್ಟಿದ್ರು ಡಾಕ್ಟ್ರೆ’ ಎಂಬ ಉತ್ತರ ಬಂದರೆ, ಆ ಹೊತ್ತಿಗೇ ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ‘ಸ್ಕೋಲಿನ್ ಬೇಡ’ ಎಂದು ಬರೆದು, ರೋಕ್ಯುರೋನಿಯಂ ತರಿಸಿಡುವುದು ಕ್ಷೇಮ.