ಬೇಲಿಯಾಚೆ ನಿಂತವನ ಜೀವ

ನಾಸಿಕ್‌ನ ಪಂಚವಟಿಗೆ ಹೋದವರಿಗೆ ಸೀತಾಗುಹೆಯನ್ನು ತೋರಿಸುತ್ತಾರೆ. ಅಪಹರಣ ನಡೆದದ್ದು ಇಲ್ಲಿಂದಲೇ ಎಂಬುದು ಊರಿನ ನಂಬಿಕೆ. ಅದರ ಜೊತೆಗೇ ಲಕ್ಷ್ಮಣರೇಖೆಯ ಮಾತೂ ಬರುತ್ತದೆ. ವಾಲ್ಮೀಕಿಯ ರಾಮಾಯಣದಲ್ಲಿ ಆ ರೇಖೆ ಇಲ್ಲ. ನಂತರದ ಕಥನಗಳಲ್ಲಿ ಸೇರಿಕೊಂಡದ್ದು. ಆದರೂ ನಮ್ಮ ಜನ ಕಲ್ಪಿಸಿಕೊಂಡ ಅತ್ಯಂತ ಪ್ರಸಿದ್ಧ ಕಾವಲು ಬೇಲಿ ಅದೇ. ಒಳಗಿದ್ದವರಿಗೆ ಅದು ಬರೀ ಗೆರೆ, ಹೊರಗಿನಿಂದ ಕಾಲಿಟ್ಟವನಿಗೆ ಬೆಂಕಿ. ಕಥೆಯಲ್ಲಿ ಹೊರಗೆ ನಿಂತವನು ರಾವಣ. ಹಾಗಾಗಿ ಆ ಬೆಂಕಿ ಎಷ್ಟಿರಬೇಕು, ದಾರಿಹೋಕನೊಬ್ಬ ಅರಿಯದೆ ತುಳಿದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಕೇಳುವುದಿಲ್ಲ.

ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರದ ದಾರಿ ಹಿಡಿದರೆ, ನಗರ ತಲುಪುವ ಮೊದಲೇ ದೌಲತಾಬಾದಿನ ಗುಡ್ಡ ಕಾಣುತ್ತದೆ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಸೇವುಣರ ಐದನೆಯ ಭಿಲ್ಲಮ ರಾಜಧಾನಿ ಮಾಡಿಕೊಂಡ ದೇವಗಿರಿ ಇದೇ. ಆ ವಂಶದ ಬಹಳಷ್ಟು ಶಾಸನಗಳು ಕನ್ನಡದಲ್ಲಿರುವುದರಿಂದ ನಮ್ಮ ಇತಿಹಾಸದ ಪುಸ್ತಕಗಳಿಗೂ ಇದು ಪರಿಚಿತ ಊರು. ಈ ಕೋಟೆಯ ಒಂದೊಂದು ಅಂಗವೂ ಒಳಗೆ ನುಗ್ಗುವವನನ್ನು ಕೊಲ್ಲುವುದಕ್ಕೆಂದೇ ಕಟ್ಟಿದ್ದು. ಗುಡ್ಡದ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದು ಸುತ್ತ ಕಂದಕ ತೋಡಿದ್ದಾರೆ. ಬಾಗಿಲುಗಳಿಗೆ ಆನೆಯ ಹಣೆ ಸೀಳುವ ಕಬ್ಬಿಣದ ಮೊಳೆಗಳಿವೆ. ಅವನ್ನು ದಾಟಿದರೆ ‘ಅಂಧೇರಿ’ ಎಂಬ ಸುತ್ತುಬಳಸಿನ ಕತ್ತಲ ಸುರಂಗ. ಯುದ್ಧಕಾಲದ ಬೇಲಿಗೆ ಹೊರಗಿನವನ ಬಗ್ಗೆ ಯಾವ ಹೊಣೆಯೂ ಇರಲಿಲ್ಲ.

ಪಕ್ಕದ ನಗರದ ಕಥೆಯೂ ಗೋಡೆಯದೇ. 1610ರಲ್ಲಿ ಮಲಿಕ್ ಅಂಬರ್ ಖಡಕಿ ಎಂಬ ಹಳ್ಳಿಯಲ್ಲಿ ಕಟ್ಟಿಸಿದ ಊರು ಮುಂದೆ ಔರಂಗಾಬಾದ್ ಆಯಿತು; 2023ರಲ್ಲಿ ಈಗಿನ ಹೆಸರು ಪಡೆಯಿತು. ಮರಾಠರ ದಾಳಿಗೆ ಅಂಜಿ 1682ರಲ್ಲಿ ಔರಂಗಜೇಬ ಊರ ಸುತ್ತ ಗೋಡೆ ಎಬ್ಬಿಸಿದ. ಐವತ್ತೆರಡು ದರವಾಜೆಗಳ ಊರು ಎಂದು ಜನ ಇಂದಿಗೂ ಹೇಳುತ್ತಾರೆ. ಭಡಕಲ್, ದಿಲ್ಲಿ, ಪೈಠಣ ದರವಾಜೆಗಳ ಸುತ್ತ ಈಗ ಆಟೋಗಳ ಓಡಾಟ. ಗೋಡೆಯ ಹೆಚ್ಚಿನ ಭಾಗ ಹೋಗಿದೆ.

ಊರಿಗೆಲ್ಲ ಒಂದೇ ಗೋಡೆಯಿದ್ದ ಕಾಲ ಮುಗಿದು, ಮನೆಗೊಂದು ಗೋಡೆಯ ಕಾಲ ಬಂತು. 1970ರಲ್ಲಿ ಹುಟ್ಟಿದ ಸಿಡ್ಕೋ ಸಂಸ್ಥೆ ನವಿ ಮುಂಬಯಿಯ ಜೊತೆಗೆ ನಾಸಿಕ್ ಮತ್ತು ಔರಂಗಾಬಾದುಗಳಲ್ಲೂ ಹೊಸ ಬಡಾವಣೆಗಳನ್ನು ಕಟ್ಟಿತು. ಸಾಲು ಮನೆ, ಸಣ್ಣ ಅಂಗಳ, ಕಾಂಪೌಂಡು. ಕಾಂಪೌಂಡಿನ ಮೇಲೆ ಮೊದಲು ಗಾಜಿನ ಚೂರು, ಆಮೇಲೆ ಮುಳ್ಳುತಂತಿ, ಬ್ಲೇಡಿನಂಥ ಸುರುಳಿತಂತಿ, ಕೊನೆಗೆ ವಿದ್ಯುತ್ ತಂತಿ. ಸಾಮಾನು ದೇಶದ ಎಲ್ಲ ಬಡಾವಣೆಗಳಲ್ಲೂ ಹೆಚ್ಚುಕಡಿಮೆ ಇದೇ. ಕೋಟೆಯ ಸಾಮಾನು ಮನೆಗೆ ಬಂದಾಗ ಕೋಟೆಯ ನ್ಯಾಯವೂ ಜೊತೆಗೆ ಬರುತ್ತದೆಯೇ?

ಈ ಪ್ರಶ್ನೆ ನ್ಯಾಯಾಲಯದ ಮುಂದೆ ಬಂದದ್ದು ಒಂದು ಹೂದೋಟದಿಂದ. ಇಂಗ್ಲೆಂಡಿನ ಬ್ರಿಸ್ಟಲ್ ಬಳಿ ಒಬ್ಬಾತ ಗೋಡೆಯೊಳಗೆ ಬೆಲೆಬಾಳುವ ಟ್ಯೂಲಿಪ್ ಹೂ ಬೆಳೆಸಿದ್ದ. ಕಳ್ಳತನವಾದ ಮೇಲೆ, ತಂತಿ ಎಡವಿದರೆ ತಾನೇ ಹಾರುವ ಬಂದೂಕನ್ನು ತೋಟದಲ್ಲಿ ಇಟ್ಟ. ಅದನ್ನು ತಿಳಿಸುವ ಫಲಕ ಹಾಕಲಿಲ್ಲ. 1825ರ ಮಾರ್ಚಿನಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ನೆರೆಯವರ ತಪ್ಪಿಸಿಕೊಂಡ ಹೆಣ್ಣು ನವಿಲನ್ನು ಹಿಡಿದುಕೊಡಲು ಗೋಡೆ ಹತ್ತಿ ಇಳಿದ. ಗುಂಡು ಮೊಣಕಾಲಿಗೆ ಬಿತ್ತು. ಇಂಥ ಬಂದೂಕುಗಳನ್ನು 1827ರಲ್ಲಿ ಕಾಯಿದೆ ನಿಷೇಧಿಸಿತು. ರಾತ್ರಿ ಹೊತ್ತು ಮನೆಯೊಳಗೆ ಇಡುವುದಕ್ಕೆ ಮಾತ್ರ ವಿನಾಯಿತಿ ಉಳಿಯಿತು. 1828ರಲ್ಲಿ ನ್ಯಾಯಾಲಯವೂ ಹುಡುಗನ ಪರ ನಿಂತಿತು.

ಭಾರತದಲ್ಲಿ ಅದೇ ಪ್ರಶ್ನೆ ಇನ್ನೂ ನೋವಿನ ರೂಪದಲ್ಲಿ ಬಂತು. 1959ರ ಜುಲೈ, ಬಿಹಾರ. ಒಂದು ಮನೆಯ ಪಾಯಿಖಾನೆಯ ಗೋಡೆ ಬಿದ್ದು ಮರೆಯಿಲ್ಲದಂತಾಯಿತು. ಆ ಮನೆಯವರು ನೆರೆಯವನ ಪಾಯಿಖಾನೆಗೆ ಹೋಗತೊಡಗಿದರು. ಅವನಿಗೆ ಅದು ಸರಿಬರಲಿಲ್ಲ. ಬರಬೇಡಿ ಎಂದ, ಕೇಳಲಿಲ್ಲ. ಕೊನೆಗೆ ದಾರಿಗೆ ಅಡ್ಡಲಾಗಿ ಬರಿ ತಾಮ್ರದ ತಂತಿ ಕಟ್ಟಿ ಕರೆಂಟು ಹರಿಸಿದ. ಒಂದು ಬೆಳಗ್ಗೆ ನೆರೆಮನೆಯ ಹೆಣ್ಣುಮಗಳು ಒಳಗೆ ಹೋಗುವಾಗ ತಂತಿ ತಾಕದೆ ಪಾರಾದಳು. ಹೊರಬರುವಾಗ ಕೈ ತಾಕಿತು. ಬದುಕಲಿಲ್ಲ.

ಆಕೆ ಅತಿಕ್ರಮ ಪ್ರವೇಶ ಮಾಡಿದವಳು, ತನ್ನ ಸ್ವತ್ತನ್ನು ಕಾಯುವ ಹಕ್ಕು ತನಗಿದೆ ಎಂಬುದು ಅವನ ವಾದ. ಚೆರುಬಿನ್ ಗ್ರೆಗರಿ ಪ್ರಕರಣ ಎಂದೇ ಹೆಸರಾದ ಇದನ್ನು 1963ರಲ್ಲಿ ತೀರ್ಮಾನಿಸಿದ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಪರರ ನೆಲಕ್ಕೆ ಕಾಲಿಟ್ಟ ಮಾತ್ರಕ್ಕೆ ಮನುಷ್ಯ ಕಾನೂನಿನ ರಕ್ಷಣೆ ಕಳೆದುಕೊಂಡವನಾಗುವುದಿಲ್ಲ. ಕೈಯಾರೆ ಮಾಡಬಾರದ ಗಾಯವನ್ನು ತಂತಿಯ ಮೂಲಕ ಮಾಡಿದರೂ ತಪ್ಪು ತಪ್ಪೇ ಎಂಬುದು ತೀರ್ಪಿನ ಸಾರ. ಇಂಗ್ಲೆಂಡಿನ ಬಂದೂಕುಗಳ ವಿಚಾರವನ್ನೂ ತೀರ್ಪು ನೆನೆಯುತ್ತದೆ. ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಆಗ ಭಾರತೀಯ ದಂಡ ಸಂಹಿತೆಯ 304ಎ ಕಲಮಿತ್ತು. 2024ರ ಜುಲೈ 1ರಿಂದ ಆ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿದೆ. ಗರಿಷ್ಠ ಶಿಕ್ಷೆ ಎರಡು ವರ್ಷದಿಂದ ಐದು ವರ್ಷಕ್ಕೆ ಏರಿದೆ.

ಹಾಗಾದರೆ ಬಡಾವಣೆಯ ಗೋಡೆಗಳ ಮೇಲೆ ಕಾಣುವ ವಿದ್ಯುತ್ ಬೇಲಿಗಳು? ವ್ಯತ್ಯಾಸ ಇರುವುದು ಕರೆಂಟಿನ ಹರಿವಿನಲ್ಲಿ. ಮನೆಯ 230 ವೋಲ್ಟಿನ ತಂತಿಯಲ್ಲಿ ಕರೆಂಟು ಎಡೆಬಿಡದೆ ಹರಿಯುತ್ತದೆ. ಹಿಡಿದ ಕೈಯ ಸ್ನಾಯು ಬಿಗಿದುಕೊಂಡು ಬಿಡಿಸಿಕೊಳ್ಳಲಾಗದೆ ಹೋಗುತ್ತದೆ. ಸರಿಯಾದ ಬೇಲಿಯಂತ್ರ ಸಾವಿರಾರು ವೋಲ್ಟಿನ ಪೆಟ್ಟು ಕೊಟ್ಟರೂ ಅದು ಕ್ಷಣದ ಸಣ್ಣ ತುಣುಕಿನಷ್ಟು ಮಾತ್ರ. ಅಂತರರಾಷ್ಟ್ರೀಯ ಮಾನಕ 60335-2-76ರ ಪ್ರಕಾರ ಎರಡು ಪೆಟ್ಟುಗಳ ನಡುವೆ ಕನಿಷ್ಠ ಒಂದು ಸೆಕೆಂಡು ಬಿಡುವಿರಬೇಕು. ಆ ಒಂದು ಸೆಕೆಂಡು ಹೊರಗಿನವನಿಗಾಗಿ ಇಟ್ಟದ್ದು. ಕೈ ಬಿಡಿಸಿಕೊಂಡು ಹೋಗಲಿ ಎಂದು.

ಉಳಿದ ನಿಯಮಗಳದ್ದೂ ಇದೇ ಧೋರಣೆ. ದಾರಿಹೋಕರ ಕೈಗೆ ತಂತಿ ಸಿಗದಂತೆ ಅಡ್ಡಗೋಡೆ ಇರಬೇಕು. ಬಾಗಿಲುಗಳ ಬಳಿ ಮತ್ತು ಹತ್ತು ಮೀಟರಿಗೆ ಮೀರದ ಅಂತರದಲ್ಲಿ ಹಳದಿ ಎಚ್ಚರಿಕೆ ಫಲಕ ಬೇಕು. ಮುಳ್ಳುತಂತಿಗೆ ವಿದ್ಯುತ್ ಹರಿಸಕೂಡದು, ಸಿಕ್ಕಿಕೊಂಡವನು ಬಿಡಿಸಿಕೊಳ್ಳಲಾರ. ಬಹುತೇಕ ನಗರಗಳ ಕಟ್ಟಡ ನಿಯಮಗಳಲ್ಲೂ ರಸ್ತೆ ಬದಿಯ ಕಾಂಪೌಂಡು ಸಾಮಾನ್ಯವಾಗಿ ಒಂದೂವರೆ ಮೀಟರಿಗೆ ಸೀಮಿತ. ಅದಕ್ಕಿಂತ ಎತ್ತರಿಸಿದರೆ ಮೇಲಿನ ಭಾಗ ಜಾಲರಿಯಂತೆ ತೆರೆದಿರಬೇಕು.

ಅನುಮತಿಯಿಲ್ಲದೆ ಒಳಬರುವವರೆಲ್ಲ ಕಳ್ಳರೂ ಅಲ್ಲ. ಚೆಂಡು ಹುಡುಕುವ ಮಕ್ಕಳಿರುತ್ತಾರೆ, ಬೆಂಕಿ ಬಿದ್ದಾಗ ಓಡಿಬರುವ ನೆರೆಯವರಿರುತ್ತಾರೆ. 2019ರ ಡಿಸೆಂಬರಿನಲ್ಲಿ ಔರಂಗಾಬಾದಿನ ಸಿಡ್ಕೋ ಎನ್-1 ಬಡಾವಣೆಗೆ ಚಿರತೆಯೇ ಬಂದಿತ್ತು. ಅರಣ್ಯ ಇಲಾಖೆಯವರು ಅದನ್ನೂ ಜೀವಂತ ಹಿಡಿದರು.

ಹಳೆಯ ಇಂಗ್ಲೆಂಡಿನಲ್ಲಿ ಕಾನೂನಿನಿಂದ ಹೊರಹಾಕಲ್ಪಟ್ಟವನನ್ನು ‘ತೋಳದ ತಲೆ’ಯವನು ಎನ್ನುತ್ತಿದ್ದರು. ತೋಳದಂತೆ ಅವನನ್ನೂ ಯಾರು ಬೇಕಾದರೂ ಕೊಲ್ಲಬಹುದಿತ್ತು. ಗೋಡೆ ದಾಟಿ ಬಂದವನು ಅಂಥವನಲ್ಲ ಎಂದು ಹೇಳಲು ಸುಪ್ರೀಂ ಕೋರ್ಟು ಬಳಸಿದ್ದು ಇದೇ ಮಾತನ್ನು. ಅದಾದ ಒಂಬತ್ತು ವರ್ಷಕ್ಕೆ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಇಂದು ಈ ದೇಶದಲ್ಲಿ ತೋಳವನ್ನೂ ಹಾಗೆ ಕೊಲ್ಲುವಂತಿಲ್ಲ.