ಅದ್ಭುತರಸದ ವ್ಯವಸಾಯಿ: ಬಿ. ವಿಠಲಾಚಾರ್ಯರು

ಕವಿಗಳ ಕಾಲದೇಶಗಳನ್ನು ನಿರ್ಣಯಿಸುವುದರಲ್ಲಿ ನಮ್ಮ ಪಂಡಿತರು ಪಟ್ಟಿರುವ ಶ್ರಮವು ಸ್ತುತ್ಯವಾದುದು. ಆದರೆ ಅಕ್ಷರವರಿಯದ ಜನಕ್ಕೂ ಕಥೆಯ ಸವಿಯನ್ನುಣಿಸಿದವರ ವಿಷಯದಲ್ಲಿ ಅದರ ಶತಾಂಶವಾದರೂ ನಡೆದಿಲ್ಲ. ಚಿತ್ರಕಥಾಕಾರರೂ ನಿರ್ಮಾಪಕರೂ ನಿರ್ದೇಶಕರೂ ಆಗಿದ್ದ ಬಿ. ವಿಠಲಾಚಾರ್ಯರು ಇಂತಹ ಅನಾದರಕ್ಕೆ ಪಾತ್ರರಾದವರಲ್ಲೊಬ್ಬರು. ಮಾಟ, ಮಂತ್ರ, ದೆವ್ವ, ನಾಗಕನ್ನಿಕೆಗಳ ಚಿತ್ರಗಳನ್ನು ತೆಗೆದವರೆಂದು ವಿದ್ಯಾವಂತರು ಅವರನ್ನು ನಕ್ಕು ಮರೆತರು. ಆ ನಗುವು ನ್ಯಾಯವಾದುದೇ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು.

ವಿಠಲಾಚಾರ್ಯರು 1920ರಲ್ಲಿ ಉಡುಪಿಗೆ ಸಮೀಪದ ಉದ್ಯಾವರದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಮನೆಯನ್ನು ಬಿಟ್ಟು ಘಟ್ಟವನ್ನೇರಿ ಅರಸೀಕೆರೆಗೆ ಬಂದು, ಅಲ್ಲಿ ಹೋಟೆಲನ್ನು ನಡೆಸಿದರು. ಅನಂತರ ಸ್ನೇಹಿತರೊಡನೆ ಸೇರಿ ಟೂರಿಂಗ್ ಟಾಕೀಸಿನ ಉದ್ಯಮಕ್ಕೆ ಕೈಯಿಟ್ಟರು. ಡೇರೆಯೊಳಗೆ ನೆಲದ ಮೇಲೆ ಕುಳಿತ ಒಕ್ಕಲಮಕ್ಕಳು ಎಲ್ಲಿ ಉಸಿರು ಬಿಗಿಹಿಡಿಯುವರು, ಎಲ್ಲಿ ಬೀಡಿ ಹಚ್ಚಲು ಏಳುವರು ಎಂಬುದನ್ನು ಅವರು ಅಲ್ಲಿಯೇ ಕಲಿತರೆಂದು ಊಹಿಸುವುದು ತಪ್ಪಾಗಲಾರದು. ಇಂದು ನಗರದ ಒಡಲೊಳಗೆ ಸೇರಿಹೋಗಿರುವ ನಮ್ಮ ಮತ್ತಿಕೆರೆಯೂ ಆಗ ಹಳ್ಳಿಯೇ. ಇಂತಹ ಊರುಗಳ ಜನರೇ ಮುಂದೆ ಅವರ ಚಿತ್ರಗಳಿಗೆ ಆಶ್ರಯದಾತರಾದರು.

ಮೈಸೂರಿನಲ್ಲಿ ಡಿ. ಶಂಕರ್ ಸಿಂಗ್ ಮೊದಲಾದವರೊಡನೆ ಅವರು ಮಹಾತ್ಮಾ ಪಿಕ್ಚರ್ಸ್ ಸಂಸ್ಥೆಯನ್ನು ಕಟ್ಟಿದರು. 1949ರ ‘ನಾಗಕನ್ನಿಕಾ’, 1951ರ ‘ಜಗನ್ಮೋಹಿನಿ’ ಇವು ಆ ಸಂಸ್ಥೆಯಿಂದ ಹೊರಬಂದವು. 1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ವನ್ನು ಆಚಾರ್ಯರೇ ನಿರ್ದೇಶಿಸಿದರು. ಅದರಲ್ಲಿ ಸಪ್ತರ್ಷಿಗಳಲ್ಲೊಬ್ಬರಾಗಿ ಕ್ಷಣಕಾಲ ತೋರಿಬಂದ ಯುವಕ ಮುತ್ತುರಾಜನೇ ಮುಂದೆ ರಾಜ್‌ಕುಮಾರರಾಗಿ ನಾಡಿನ ಕಣ್ಮಣಿಯಾದುದು ಸರ್ವವಿದಿತ.

ತರುವಾಯ ಅವರು ವಿಠಲ್ ಪ್ರೊಡಕ್ಷನ್ಸ್ ಎಂಬ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿ ಮದರಾಸಿಗೆ ತೆರಳಿದರು. ಕನ್ನಡದ ‘ಕನ್ಯಾದಾನ’ವನ್ನು ತೆಲುಗಿಗೆ ತಂದುದೇ ಹೊಸ ದಾರಿಗೆ ನಾಂದಿಯಾಯಿತು. ‘ಜಯ ವಿಜಯ’ (1959), ‘ಬಂದಿಪೋಟು’ (1963), ‘ಅಗ್ಗಿ ಪಿಡುಗು’ (1964), ‘ಗಂಡಿಕೋಟ ರಹಸ್ಯಂ’ (1969) ಹೀಗೆ ಸಾಲುಸಾಲಾಗಿ ಚಿತ್ರಗಳು ಬಂದವು. ಆಂಧ್ರರು ಅವರನ್ನು ‘ಜಾನಪದ ಬ್ರಹ್ಮ’ನೆಂದು ಕರೆದರು. ‘ಬಂದಿಪೋಟು’ವಿನ ಕಥೆಯೇ ರಾಜ್‌ಕುಮಾರರ ‘ವೀರಕೇಸರಿ’ಯಾಗಿ ಅದೇ ವರ್ಷ ಕನ್ನಡಕ್ಕೂ ದೊರೆಯಿತು. ಆದರೆ ಆಚಾರ್ಯರ ಬಾಳಿನ ಬೆಳೆಯಲ್ಲಿ ಹೆಚ್ಚಿನ ಪಾಲು ನೆರೆಯವರ ಕಣಜಕ್ಕೇ ಸೇರಿತು.

ಇನ್ನು ಅವರ ಕಲೆಯ ವಿಚಾರ. ಭರತಮುನಿಯು ಹೇಳಿದ ಎಂಟು ರಸಗಳಲ್ಲಿ ಅದ್ಭುತವೂ ಒಂದು. ವಿಸ್ಮಯವು ಅದರ ಸ್ಥಾಯಿಭಾವ. ವೀರದಿಂದ ಅದ್ಭುತವು ಹುಟ್ಟುವುದೆಂದೂ ನಾಟಕದ ನಿರ್ವಹಣದಲ್ಲಿ ಅದ್ಭುತವಿರಬೇಕೆಂದೂ ಮುನಿಯ ಮತ. ಕತ್ತಿವರಸೆಯನ್ನೂ ಮಾಯೆಯನ್ನೂ ಒಂದೇ ಕಥೆಯಲ್ಲಿ ಹೆಣೆದ ಆಚಾರ್ಯರು ಶಾಸ್ತ್ರವನ್ನು ಓದಿಯೋ ಓದದೆಯೋ ಅದೇ ಮಾರ್ಗದಲ್ಲಿ ನಡೆದರು.

ಅವರ ಬಂಡವಾಳವು ಅಲ್ಪ, ಉಪಾಯವು ಬಹಳ. ಅಂದಿನ ಮಾಯಾದೃಶ್ಯಗಳ ಗುಟ್ಟು ಸರಳವಾದುದು. ಯಂತ್ರವನ್ನು ನಿಲ್ಲಿಸಿ, ನಟನು ನಿಂತಿದ್ದ ಎಡೆಯಲ್ಲಿ ಮೇಕೆಯನ್ನು ಕಟ್ಟಿ, ಪುನಃ ನಡೆಸಿದರೆ ಮನುಷ್ಯನು ಮೇಕೆಯಾಗುವನು. ಫಿಲ್ಮಿನ ಅರ್ಧವನ್ನು ಮರೆಮಾಡಿ ಚಿತ್ರಿಸಿ, ಹಿಂದಕ್ಕೆ ಸುತ್ತಿ, ಉಳಿದರ್ಧವನ್ನು ಚಿತ್ರಿಸಿದರೆ ಒಬ್ಬನೇ ಇಬ್ಬರಾಗಿ ಎದುರುಬದುರು ನಿಲ್ಲುವನು. 1978ರ ತೆಲುಗು ‘ಜಗನ್ಮೋಹಿನಿ’ಯಲ್ಲಿ ದೆವ್ವವೊಂದು ಸೌದೆಗೆ ಬದಲಾಗಿ ತನ್ನ ಕಾಲುಗಳನ್ನೇ ಒಲೆಗೆ ಒಡ್ಡಿ ಅಡಿಗೆ ಮಾಡುವುದು. ಭಯಾನಕವನ್ನು ಒಲೆಯ ಮುಂದೆ ಕೂರಿಸಿ ಹಾಸ್ಯದೊಡನೆ ಬೆರೆಸಿದ ಈ ಕಲ್ಪನೆಯು ನಮ್ಮ ಅಜ್ಜಿಯರ ಕಥೆಗಳಿಗೆ ಸಲ್ಲುವಂತಹುದು.

ನಟನು ಸಕಾಲಕ್ಕೆ ಬಾರದಿದ್ದರೆ ಆಚಾರ್ಯರು ಕಥೆಯಲ್ಲಿ ಶಾಪವೊಂದನ್ನು ಸೇರಿಸಿ ಅವನನ್ನು ಗಿಳಿಯನ್ನಾಗಿಯೋ ಮೃಗವನ್ನಾಗಿಯೋ ಮಾಡಿ ಕೆಲಸವನ್ನು ಮುಂದುವರಿಸುತ್ತಿದ್ದರೆಂಬ ಮಾತು ಚಿತ್ರರಂಗದಲ್ಲಿ ಪ್ರಚಲಿತವಾಗಿದೆ. ಕೇಳಿ ನಗುವವರು ಬಾಣನ ಕಾದಂಬರಿಯನ್ನು ನೆನೆಯಬೇಕು. ಅಲ್ಲಿ ಶಾಪದಿಂದ ವೈಶಂಪಾಯನನು ಗಿಳಿಯಾಗುವನು, ಕಪಿಂಜಲನು ಕುದುರೆಯಾಗುವನು. ಬಾಣನಿಗೆ ಶಾಪವು ಕಥೆಯ ಕೀಲು; ಆಚಾರ್ಯರಿಗೆ ಅದು ಲೆಕ್ಕದ ಪುಸ್ತಕಕ್ಕೂ ಕೀಲಾಯಿತು. ಒಂದನ್ನು ಕಾವ್ಯವೆಂದು ತಲೆಯ ಮೇಲೆ ಹೊತ್ತು ಇನ್ನೊಂದನ್ನು ಕೀಳೆಂದು ತಳ್ಳುವುದಾದರೆ, ಅದಕ್ಕೆ ಕಾರಣವನ್ನು ಶಾಪದಲ್ಲಿಯಲ್ಲ, ವರ್ಣನೆಯ ಹದದಲ್ಲಿ ತೋರಿಸಬೇಕು. ಆಚಾರ್ಯರ ಚಿತ್ರಗಳಲ್ಲಿ ಔಚಿತ್ಯಭಂಗವೂ ಪುನರುಕ್ತಿಯೂ ಇಲ್ಲವೆಂದು ನಾನು ಹೇಳೆನು. ದೋಷವನ್ನೆಣಿಸುವುದಕ್ಕೂ ಮೊದಲು ನೋಡಬೇಕಷ್ಟೆ.

1999ರ ಮೇ ತಿಂಗಳಲ್ಲಿ ಆಚಾರ್ಯರು ಕಾಲವಾದರು. ಅವರು ಕೈಯಿಟ್ಟ ಕಾಲದ ಅನೇಕ ಕನ್ನಡ ಚಿತ್ರಗಳ ಪ್ರತಿಗಳೇ ಇಂದು ನಷ್ಟವಾಗಿವೆ. ಓಲೆಗರಿಯನ್ನು ಗೆದ್ದಲಿನಿಂದ ಉಳಿಸಿದ ನಾಡು ಫಿಲ್ಮಿನ ಸುರುಳಿಯನ್ನು ಉಳಿಸಲಿಲ್ಲ. ಡೇರೆಯಲ್ಲಿ ಆ ಚಿತ್ರಗಳನ್ನು ಕಂಡ ಹಿರಿಯರು ನಮ್ಮ ನಡುವೆ ಇನ್ನೂ ಕೆಲವರಿರುವರು. ಅವರ ನೆನಪುಗಳನ್ನಾದರೂ ನಮ್ಮಂತಹ ಸಂಘಗಳು ಕೇಳಿ ಬರೆದಿಡಲಿ ಎಂದು ವಾಚಕಮಹಾಶಯರಲ್ಲಿ ವಿಜ್ಞಾಪಿಸುವೆನು.